ಮನೆಯೊಳಗಿನ ಗ್ರೋ ಟೆಂಟಿಗೆ ಗಾಳಿ: ಫ್ಯಾನ್ ಯಾವುದು, ಕಿಂಡಿ ಎಲ್ಲಿ, ಎಷ್ಟು

ಪಿವಿಸಿ ಪೈಪಿನ ಚೌಕಟ್ಟು ನಿಲ್ಲಿಸಿ, ಸುತ್ತ ಬೆಳ್ಳಿ ಹಾಳೆ ಹೊದಿಸಿ, ಒಳಗೊಂದು ಎಲ್‌ಇಡಿ ದೀಪ ತೂಗುಹಾಕಿದರೆ ಮನೆಯೊಳಗೇ ಗಿಡ ಬೆಳೆಸುವ ಗ್ರೋ ಟೆಂಟ್ ಆಯಿತು. ಅಲ್ಲಿಯವರೆಗೆ ಹೆಚ್ಚಿನವರು ಸರಿಯಾಗೇ ಮಾಡುತ್ತಾರೆ. ಗಾಳಿಯ ಸರದಿ ಬಂದಾಗ ಮಾತ್ರ ಅಟ್ಟದ ಮೇಲೆ ಬಿದ್ದಿದ್ದ ಯಾವುದೋ ಫ್ಯಾನನ್ನು ಸಿಕ್ಕಿಸಿ ಮುಗಿಸಿಬಿಡುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಲೆಟ್ಯೂಸಿನ ಒಳಎಲೆಗಳ ಅಂಚು ಕಂದಾಗುತ್ತದೆ, ಕಾಮಕಸ್ತೂರಿ ಸಸಿ ಬುಡದಲ್ಲಿ ಕೊಳೆತು ಮಲಗುತ್ತದೆ. ಬೈಗುಳ ತಿನ್ನುವವನು ಬೀಜದ ಅಂಗಡಿಯವನು.

ಈ ಲೇಖನದ ಲೆಕ್ಕವೆಲ್ಲ ಒಂದು ಟೆಂಟಿನದು: 2 ಅಡಿ ಉದ್ದ, 2 ಅಡಿ ಅಗಲ, 5 ಅಡಿ ಎತ್ತರ. ಒಳಗೆ ಎರಡಡಿ ಉದ್ದದ, 10 ವ್ಯಾಟಿನ ಆರು ಎಲ್‌ಇಡಿ ಬ್ಯಾಟನ್ ದೀಪಗಳು. ಬೆಳೆಯುವುದು ಲೆಟ್ಯೂಸ್, ಕಾಮಕಸ್ತೂರಿ, ಪುದೀನ, ಜೊತೆಗೆ ಮೆಣಸಿನಕಾಯಿ, ಟೊಮೆಟೊ ಸಸಿಯ ಒಂದೆರಡು ಟ್ರೇ. ಫ್ಲಾಟಿನ ಮೂಲೆಯಲ್ಲಿ, ಬಾಲ್ಕನಿಗೆ ಹೋಗುವ ಬಾಗಿಲ ಪಕ್ಕದಲ್ಲಿ ಕೂರುವಷ್ಟು ಗಾತ್ರ. ನಿಮ್ಮ ಟೆಂಟ್ ಬೇರೆ ಅಳತೆಯದಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಅದೇ.

ಮೊದಲು ಕೋಣೆ ನೋಡಿ

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬದಲಾಯಿಸುತ್ತದೆ ಅಷ್ಟೆ. ಕೋಣೆಯಲ್ಲಿ 33 ಡಿಗ್ರಿ ಇದ್ದರೆ ಟೆಂಟಿನೊಳಗೆ 33ರ ಮೇಲೆಯೇ ಇರುತ್ತದೆ, ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅಷ್ಟೇ. ಹಾಗಾಗಿ ಫ್ಯಾನ್ ಕೊಳ್ಳುವ ಮುಂಚೆ ಟೆಂಟ್ ಇಡುವ ಜಾಗದಲ್ಲಿ ಮೂರು ದಿನ ಒಂದು ತಾಪಮಾನ ಮೀಟರ್ ಇಟ್ಟು, ಮಧ್ಯಾಹ್ನ ಮೂರಕ್ಕೆ ಮತ್ತು ಬೆಳಗಿನ ಐದಕ್ಕೆ ಏನು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕಡಿಮೆ ಮತ್ತು ಹೆಚ್ಚಿನ ಅಂಕಿಯನ್ನು ತಾನೇ ನೆನಪಿಡುವ ಮೀಟರ್ ಆದರೆ ಐದಕ್ಕೆ ಏಳುವ ಕಷ್ಟವಿಲ್ಲ.

ಅಡುಗೆಮನೆ ಬೇಡ. ಒಗ್ಗರಣೆಯ ಹೊಗೆಯಲ್ಲಿರುವ ಎಣ್ಣೆ ಜಾಲರಿಯ ಮೇಲೆ ಕೂತು, ಅದಕ್ಕೆ ಧೂಳು ಅಂಟಿ, ಒಂದೇ ತಿಂಗಳಲ್ಲಿ ಕಿಂಡಿ ಮುಚ್ಚಿಹೋಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಒರಗಿಸಿಯೂ ಇಡಬೇಡಿ, ಸಂಜೆಯ ನಂತರವೂ ಆ ಗೋಡೆ ಕಾವು ಬಿಡುತ್ತಲೇ ಇರುತ್ತದೆ. ಗೋಡೆಗೂ ಟೆಂಟಿಗೂ ನಡುವೆ ಒಂದು ಗೇಣು ಜಾಗ ಇರಲಿ.

60 ವ್ಯಾಟ್ ದೀಪದ ಬಿಸಿಗಾಳಿಯನ್ನು ಮನೆಯಿಂದ ಹೊರಗೇ ಬಿಡಬೇಕೆ? ಬೇಕಿಲ್ಲ. ಸುಮ್ಮನೆ ಕೂತ ಮನುಷ್ಯನೊಬ್ಬನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಕೋಣೆಯಲ್ಲಿ ಅರ್ಧ ನೆಂಟ ಹೆಚ್ಚಿಗೆ ಕೂತಂತೆ ಅಂದುಕೊಳ್ಳಿ. ಕಿಟಕಿ ತೆರೆದಿದ್ದರೆ ಸಾಕು. ದೀಪ 200 ವ್ಯಾಟ್ ದಾಟಿದರೆ, ಅಥವಾ ಸದಾ ಮುಚ್ಚಿರುವ ಪುಟ್ಟ ಸ್ಟೋರ್ ರೂಮಿನಲ್ಲಿ ಟೆಂಟ್ ಇದ್ದರೆ, ಪೈಪ್ ಹಾಕಿ ಹೊರಗೆ ಬಿಡಲೇಬೇಕು. ಇಲ್ಲವಾದರೆ ಟೆಂಟು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ ಕೂರುತ್ತದೆ.

ಲೆಕ್ಕ ಟೆಂಟಿನ ಗಾತ್ರದ್ದಲ್ಲ, ದೀಪದ್ದು

ಎಲ್ಲ ಕಡೆ ಓಡಾಡುವ ಸೂತ್ರ ಒಂದಿದೆ: ಟೆಂಟಿನ ಘನ ಅಡಿ ಎಷ್ಟೋ, ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ, ಅಂದರೆ ಅಷ್ಟು ಸಿಎಫ್‌ಎಂ. ನಮ್ಮ ಟೆಂಟು 20 ಘನ ಅಡಿ, ಆ ಲೆಕ್ಕಕ್ಕೆ 20 ಸಿಎಫ್‌ಎಂ. ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಒದಗಿಸಲು ಇದು ಧಾರಾಳವಾಯಿತು. ಶಾಖ ಕಳೆಯಲು ಸಾಲುವುದಿಲ್ಲ. ಅದೇ 20 ಘನ ಅಡಿಯಲ್ಲಿ 20 ವ್ಯಾಟಿನ ದೀಪವೂ ಇರಬಹುದು, 150 ವ್ಯಾಟಿನದೂ ಇರಬಹುದು. ಎರಡಕ್ಕೂ ಒಂದೇ ಫ್ಯಾನ್ ಎಂದರೆ ಅದು ಲೆಕ್ಕವಲ್ಲ, ಅಂದಾಜು.

ಎಲ್‌ಇಡಿ ತಣ್ಣಗಿರುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ದೀಪ ಎಳೆಯುವ ಕರೆಂಟಿನಲ್ಲಿ ಒಂದು ಪಾಲು ನೇರವಾಗಿ ಶಾಖ. ಬೆಳಕಾದ ಪಾಲೂ ಎಲೆ, ಮಣ್ಣು, ಹಾಳೆಗೆ ಬಡಿದು ಬಹುಪಾಲು ಶಾಖವೇ ಆಗುತ್ತದೆ. ಹಾಗಾಗಿ ಲೆಕ್ಕಕ್ಕೆ ದೀಪದ ಪೂರ್ತಿ ವ್ಯಾಟನ್ನೇ ಹಿಡಿಯಿರಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ “1000 ವ್ಯಾಟ್‌ಗೆ ಸಮ” ಎಂಬುದನ್ನಲ್ಲ, ಗೋಡೆಯ ಸಾಕೆಟ್ಟಿನಿಂದ ನಿಜವಾಗಿ ಎಳೆಯುವುದನ್ನು.

ಸೂತ್ರ ಸರಳ. ವ್ಯಾಟನ್ನು 3ರಿಂದ ಗುಣಿಸಿ, ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬರುವ ಉತ್ತರ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಎಂಬುದು. ಅದನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ.

ನಮ್ಮ ಟೆಂಟಿಗೆ: ದೀಪ 60, ಒಳಗೇ ತಿರುಗುವ ಚಿಕ್ಕ ಫ್ಯಾನ್ ಸುಮಾರು 5, ಒಟ್ಟು 65 ವ್ಯಾಟ್. 3 ಡಿಗ್ರಿ ಹೆಚ್ಚಾದರೆ ಸಹಿಸಬಹುದು ಎಂದಿಟ್ಟುಕೊಳ್ಳಿ. 65ನ್ನು 3ರಿಂದ ಗುಣಿಸಿ 3ರಿಂದ ಭಾಗಿಸಿದರೆ ಗಂಟೆಗೆ 65 ಘನ ಮೀಟರ್, ಅಂದರೆ 38 ಸಿಎಫ್‌ಎಂ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಶೇ 10ರಷ್ಟು ತೆಳು. ಅಷ್ಟೇ ಶಾಖ ಹೊರಲು ಶೇ 10ರಷ್ಟು ಹೆಚ್ಚು ಗಾಳಿ ಬೇಕು, ಆಗ 42 ಸಿಎಫ್‌ಎಂ. ಮಂಗಳೂರಿನಲ್ಲಿ ಈ ಹೆಚ್ಚುವರಿ ಬೇಕಿಲ್ಲ.

ತೆಳು ಹಾಳೆಯ ಟೆಂಟಿನಲ್ಲಿ ಒಂದಿಷ್ಟು ಶಾಖ ಹಾಳೆಯ ಮೂಲಕವೇ ಹೊರಗೆ ಹೋಗುತ್ತದೆ. ಆದ್ದರಿಂದ ನಿಜವಾದ ಏರಿಕೆ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಥರ್ಮಾಕೋಲ್ ಹಲಗೆಗೆ ಬೆಳ್ಳಿ ಕಾಗದ ಅಂಟಿಸಿ ಪೆಟ್ಟಿಗೆ ಮಾಡಿದವರಿಗೆ ಈ ರಿಯಾಯಿತಿ ಇಲ್ಲ. ಅದು ಐಸ್‌ಕ್ರೀಂ ಡಬ್ಬಿ ಇದ್ದಂತೆ, ಒಳಗಿನ ಕಾವು ಒಳಗೇ. ಅವರು ಸೂತ್ರದ ಅಂಕಿಯನ್ನು ಚಾಚೂ ತಪ್ಪದೆ ಪಾಲಿಸಲಿ.

ಬಿಸಿಗಾಳಿ ತಾನಾಗೇ ಮೇಲೇರುತ್ತದಲ್ಲ, ಎರಡು ತೂತು ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಐದಡಿ ಎತ್ತರದಲ್ಲಿ, ಐದು ಡಿಗ್ರಿ ವ್ಯತ್ಯಾಸದಲ್ಲಿ ಆ ಎಳೆತದ ಒತ್ತಡ ಸುಮಾರು 0.03 ಮಿಲಿಮೀಟರ್ ಎತ್ತರದ ನೀರಿನ ಭಾರದಷ್ಟು. ಒಂದು ಸೊಳ್ಳೆ ಜಾಲರಿ ಅಡ್ಡ ಬಂದರೆ ಅದರಲ್ಲಿ ದೊಡ್ಡ ಪಾಲು ಅಲ್ಲೇ ಖರ್ಚು. ದೀಪ 20 ವ್ಯಾಟಿನ ಒಳಗಿದ್ದರೆ, ಮೇಲೆ ಕೆಳಗೆ ದೊಡ್ಡ ಕಿಂಡಿ ಇದ್ದರೆ ನಡೆದೀತು. 60ಕ್ಕೆ ಫ್ಯಾನು ಬೇಕೇ ಬೇಕು.

ಯಾವ ಫ್ಯಾನ್

ಡಬ್ಬಿಯ ಮೇಲಿನ ಸಿಎಫ್‌ಎಂ ಎಂದರೆ ಮುಂದೆ ಹಿಂದೆ ಯಾವ ಅಡ್ಡಿಯೂ ಇಲ್ಲದಾಗಿನ ಮಾತು. ಜಾಲರಿ, ಕಿಂಡಿ, ತುಂಡು ಪೈಪು ಸೇರಿದರೆ ಅರ್ಧ ಸಿಕ್ಕರೆ ಪುಣ್ಯ. ನಮಗೆ 42 ಬೇಕಾದ್ದರಿಂದ ಸುಮಾರು 85 ಸಿಎಫ್‌ಎಂ ಬರೆದಿರುವಷ್ಟು ಶಕ್ತಿ ಬೇಕು. ಇದನ್ನು ಪಡೆಯಲು ಮೂರು ದಾರಿ.

ಮೊದಲನೆಯದು ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್, 12 ವೋಲ್ಟಿನದು, ಎರಡು. ಒಂದೊಂದೂ 45ರಿಂದ 60 ಸಿಎಫ್‌ಎಂನದ್ದಿರಲಿ. ಎಳೆಯುವುದು ಎರಡರಿಂದ ನಾಲ್ಕು ವ್ಯಾಟ್ ಅಷ್ಟೆ, ಮಲಗುವ ಕೋಣೆಯಲ್ಲೂ ತಡೆದುಕೊಳ್ಳಬಹುದಾದ ಸದ್ದು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದೆ. ಕೊಳ್ಳುವಾಗ “ಬಾಲ್ ಬೇರಿಂಗ್” ಎಂದು ಕೇಳಿ. ತೇವ ಮತ್ತು ಧೂಳಿನಲ್ಲಿ ಅಗ್ಗದ ಸ್ಲೀವ್ ಬೇರಿಂಗ್ ಬೇಗ ಕರಕರ ಅನ್ನತೊಡಗುತ್ತದೆ. ಒಂದೇ ದೊಡ್ಡ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುವುದಕ್ಕಿಂತ ಎರಡನ್ನು ಕಡಿಮೆ ವೋಲ್ಟಿನಲ್ಲಿ ಓಡಿಸಿದರೆ ಅಷ್ಟೇ ಗಾಳಿ, ಸದ್ದು ಬಹಳ ಕಡಿಮೆ. ಈ ಗಾತ್ರದ ಟೆಂಟಿಗೆ ನಮ್ಮ ಆಯ್ಕೆ ಇದೇ.

ಎರಡನೆಯದು ಬಚ್ಚಲುಮನೆಗೆ ಹಾಕುವ ಆರಿಂಚಿನ ಎಕ್ಸಾಸ್ಟ್ ಫ್ಯಾನ್. ಇದು ಗಂಟೆಗೆ 200-300 ಘನ ಮೀಟರ್ ದೂಡುತ್ತದೆ, ನಮಗೆ ಬೇಕಾದ್ದಕ್ಕಿಂತ ಮೂರು ನಾಲ್ಕು ಪಟ್ಟು. ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಅನ್ನಬೇಡಿ. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಎಳೆ ಸಸಿಗಳು ಸಂಜೆಯೊಳಗೆ ಸೊರಗುತ್ತವೆ, ಸಣ್ಣ ಕಪ್ಪಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ದಿನಕ್ಕೆ ಎರಡು ಬಾರಿ ಒಣಗುತ್ತದೆ. ಇದನ್ನೇ ಬಳಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಕೆಪಾಸಿಟರ್ ಇರುವ ಸೀಲಿಂಗ್ ಫ್ಯಾನ್ ರೆಗ್ಯುಲೇಟರ್ ಹಾಕಿ. ದೀಪದ ಡಿಮ್ಮರಿನಂಥದ್ದು ಹಾಕಿದರೆ ಮೋಟರು ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ.

ಮೂರನೆಯದು ಪೈಪಿನ ನಡುವೆಯೇ ಕೂರಿಸುವ ನಾಲ್ಕಿಂಚಿನ ಇನ್‌ಲೈನ್ ಡಕ್ಟ್ ಫ್ಯಾನ್. ಉದ್ದ ಪೈಪ್ ಹಾಕಿ ಕಿಟಕಿಯಾಚೆ ಬಿಡುವವರಿಗೆ ಇದೊಂದೇ ಸರಿಯಾದ ದಾರಿ. ಕಂಪ್ಯೂಟರ್ ಫ್ಯಾನಿಗೆ ದೂಡುವ ಬಲ ಕಡಿಮೆ, ಅದು ತಾಳುವ ಎದುರೊತ್ತಡ ಒಂದೆರಡು ಮಿಲಿಮೀಟರ್ ನೀರಿನಷ್ಟು ಮಾತ್ರ. ಮೂರು ಮೀಟರ್ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪು, ಎರಡು ಬಾಗು ಸಿಕ್ಕಿದರೆ ರೆಕ್ಕೆ ತಿರುಗುತ್ತಿರುತ್ತದೆ, ಗಾಳಿ ಹೋಗುತ್ತಿರುವುದಿಲ್ಲ. ಕಂಪ್ಯೂಟರ್ ಫ್ಯಾನಿಗೆ ಪೈಪ್ ಹಾಕುವುದೇ ಆದರೆ ಒಂದು ಮೀಟರಿಗೆ ಮೀರಬೇಡಿ, ಸುಕ್ಕು ಹೋಗುವಂತೆ ಪೂರ್ತಿ ಎಳೆದು ಕಟ್ಟಿ.

ಗಾಳಿ ಬರುವ ದಾರಿ

ಹೊಸಬರು ಎಡವುವುದು ಬಹುಪಾಲು ಇಲ್ಲೇ. ಹೊರಗೆ ಹೋಗುವ ಫ್ಯಾನಿಗೆ ಅಷ್ಟೆಲ್ಲ ಯೋಚಿಸಿ, ಒಳಗೆ ಬರುವುದಕ್ಕೆ ಅಂಗೈಯಗಲದ ತೂತು ಬಿಡುತ್ತಾರೆ. ಹೋದಷ್ಟೇ ಬರಬೇಕು. ಬರಲಾಗದಿದ್ದರೆ ಹೋಗುವುದೂ ಇಲ್ಲ.

120 ಮಿಲಿಮೀಟರ್ ಫ್ಯಾನಿನ ಬಾಯಿ 113 ಚದರ ಸೆಂಟಿಮೀಟರ್, ಎರಡಕ್ಕೆ 226. ಕಿಂಡಿ ಕನಿಷ್ಠ ಅದರ ಎರಡು ಪಟ್ಟು, ಜಾಲರಿ ಇದ್ದರೆ ಮೂರು ಪಟ್ಟು ಇರಬೇಕು. ಅಂದರೆ ಸುಮಾರು 680 ಚದರ ಸೆಂಟಿಮೀಟರ್. ಒಂದೇ ಕಡೆ ಕೊರೆಯುವ ಬದಲು ಎದುರುಬದುರಿನ ಎರಡು ಗೋಡೆಗಳ ಬುಡದಲ್ಲಿ, ನೆಲದಿಂದ ನಾಲ್ಕಿಂಚು ಮೇಲೆ, 45 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಎತ್ತರದ ಒಂದೊಂದು ಸೀಳು ಕೊಟ್ಟರೆ 720 ಆಗುತ್ತದೆ. ನೆಲಕ್ಕೇ ತಾಗಿಸಿದರೆ ಗುಡಿಸುವಾಗೆದ್ದ ಧೂಳೆಲ್ಲ ಒಳಗೆ.

ಮನೆಯ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಸೊಳ್ಳೆ, ನೊಣಕ್ಕೆ ಸಾಕು. ಬಿಳಿನೊಣ, ಗಿಡಹೇನು ತಡೆಯಬೇಕಾದರೆ ಪಾಲಿಹೌಸಿನವರು ಬಳಸುವ 40 ಮೆಶ್ (ಇಂಚಿಗೆ 40 ಕಣ್ಣಿನ) ಬಲೆ ಬೇಕು. ಅದರಲ್ಲಿ ಗಾಳಿ ನುಗ್ಗುವುದು ಇನ್ನೂ ಕಷ್ಟ, ಹಾಗಾಗಿ ಬಲೆಯನ್ನು ಸೀಳಿಗೆ ಸಪಾಟಾಗಿ ಅಂಟಿಸದೆ ದಿಂಬಿನ ಚೀಲದಂತೆ ಉಬ್ಬಿಸಿ ಹೊಲಿದು ಅಂಟಿಸಿ. ಸೀಳು ಅಷ್ಟೇ ಇದ್ದರೂ ಬಲೆಯ ವಿಸ್ತೀರ್ಣ ಎರಡು ಮೂರು ಪಟ್ಟಾಗುತ್ತದೆ. ನುಸಿಯಂಥ ಥ್ರಿಪ್ಸ್ ಇದರಲ್ಲೂ ತೂರುತ್ತದೆ. ಅದಕ್ಕೆ ಮದ್ದು ಬಲೆಯಲ್ಲಲ್ಲ, ಹೊರಗಿನ ಗಿಡವನ್ನು ಪರೀಕ್ಷಿಸದೆ ಒಳಗೆ ತರದಿರುವುದರಲ್ಲಿ.

ಕಿಂಡಿಯಿಂದ ಬೆಳಕು ಸೋರಿದರೆ ಲೆಟ್ಯೂಸಿಗೆ, ಕಾಮಕಸ್ತೂರಿಗೆ ಏನೂ ತೊಂದರೆಯಿಲ್ಲ. ಸೇವಂತಿಗೆ ಹೂ ಬಿಡಿಸುವ ಆಸೆ ಇದ್ದರೆ ಬೇರೆ ಮಾತು. ಅದು ಉದ್ದ ರಾತ್ರಿ ಬೇಡುವ ಗಿಡ, ಹಾಲಿನ ಟ್ಯೂಬ್‌ಲೈಟ್ ಬೆಳಕು ನಡುರಾತ್ರಿಯಲ್ಲಿ ಇಣುಕಿದರೂ ಮೊಗ್ಗು ತಡವಾಗುತ್ತದೆ. ಅಂಥ ಟೆಂಟಿನಲ್ಲಿ ಸೀಳಿನ ಬದಲು ಒಳಗೆ ಕಪ್ಪು ಬಳಿದ ಪಿವಿಸಿ ಎಲ್ಬೋಗಳನ್ನು ಹಾಕಿ. ಗಾಳಿ ತಿರುಗುತ್ತದೆ, ಬೆಳಕು ತಿರುಗುವುದಿಲ್ಲ.

ಜೋಡಣೆ

1. ಮೇಲ್ಭಾಗದಲ್ಲಿ, ಚಾವಣಿಯಿಂದ ಎರಡು ಮೂರಿಂಚು ಕೆಳಗೆ, ಸೀಳುಗಳಿಲ್ಲದ ಒಂದು ಬದಿಯನ್ನು ಫ್ಯಾನಿಗೆ ಆರಿಸಿ. ಫ್ಯಾನು ಮತ್ತು ಸೀಳು ಹತ್ತಿರ ಹತ್ತಿರ ಇದ್ದರೆ ಬಂದ ಗಾಳಿ ಗಿಡ ಮುಟ್ಟದೆ ಹಾಗೇ ಹೊರಟುಹೋಗುತ್ತದೆ.

2. 6 ಮಿಲಿಮೀಟರ್ ಪ್ಲೈವುಡ್ ಅಥವಾ ಗಟ್ಟಿ ಸನ್‌ಬೋರ್ಡಿನ 30 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ತುಂಡಿನಲ್ಲಿ 115 ಮಿಲಿಮೀಟರಿನ ಎರಡು ವೃತ್ತ ಕೊರೆಯಿರಿ. ನೆತ್ತಿಯ ಪೈಪಿಗೆ ಕೇಬಲ್ ಟೈನಿಂದ ಈ ಹಲಗೆ ತೂಗಲಿ. ಬರಿಯ ಹಾಳೆಗೆ ಫ್ಯಾನ್ ಸಿಕ್ಕಿಸಿದರೆ ಹಾಳೆ ಡೋಲಿನಂತೆ ಬಡಿದುಕೊಳ್ಳುತ್ತದೆ.

3. ಹಲಗೆ ಮತ್ತು ಫ್ಯಾನಿನ ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಸ್ಕ್ರೂ ಬಿಗಿಯಿರಿ. ಅದುರು ಅಲ್ಲೇ ನಿಲ್ಲುತ್ತದೆ.

4. ದಿಕ್ಕು ನೋಡಿ. ಕಂಪ್ಯೂಟರ್ ಫ್ಯಾನಿನಲ್ಲಿ ಗಾಳಿ ಹೊರಬರುವುದು ಮೋಟರನ್ನು ಹಿಡಿದಿರುವ ಕಡ್ಡಿಗಳಿರುವ ಬದಿಯಿಂದ. ಆ ಬದಿ ಟೆಂಟಿನ ಹೊರಗೆ ಕಾಣಬೇಕು.

5. ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್. ಮೂರನೆಯದು ವೇಗ ಹೇಳುವ ತಂತಿ, ತುದಿಗೆ ಟೇಪ್ ಸುತ್ತಿ ಬಿಡಿ. ಎರಡೂ ಫ್ಯಾನುಗಳನ್ನು ಪಕ್ಕಪಕ್ಕ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ 12 ವೋಲ್ಟ್, 2 ಆಂಪಿಯರ್ ಅಡಾಪ್ಟರಿಗೆ ಕೊಡಿ. ನಡುವೆ 12 ವೋಲ್ಟಿನ ವೇಗ ನಿಯಂತ್ರಕ ಒಂದಿರಲಿ. ಅಡಾಪ್ಟರಿನ ಹಿಂದೆ, 230 ವೋಲ್ಟಿನ ಬದಿಗೆ ಮಾತ್ರ ಯಾವ ರೆಗ್ಯುಲೇಟರನ್ನೂ ಹಾಕಬೇಡಿ, ಅಡಾಪ್ಟರ್ ಸುಟ್ಟೀತು. ಹೆಚ್ಚಿನ ಫ್ಯಾನುಗಳು 5ರಿಂದ 7 ವೋಲ್ಟಿನ ಕೆಳಗೆ ತಾವಾಗಿ ಶುರುವಾಗುವುದಿಲ್ಲ. ವೇಗ ತಗ್ಗಿಸಿದ ಮೇಲೆ ಒಮ್ಮೆ ಸ್ವಿಚ್ ಆರಿಸಿ ಹಾಕಿ, ತಿರುಗತೊಡಗಿತೇ ನೋಡಿ.

6. ಎಕ್ಸ್‌ಟೆನ್ಷನ್ ಬೋರ್ಡ್ ಟೆಂಟಿನ ಹೊರಗೆ, ನೆಲದಿಂದ ಎರಡಡಿ ಮೇಲೆ ಗೋಡೆಗೆ ತೂಗಲಿ. ಒಳಗಿನಿಂದ ಬರುವ ತಂತಿ ಬೋರ್ಡಿಗಿಂತ ಕೆಳಗೆ ಒಮ್ಮೆ ಜೋಲುಬಿದ್ದು ಮೇಲೇರಲಿ. ತಂತಿಗುಂಟ ಇಳಿದ ನೀರು ಆ ಜೋಲಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

7. ಗಿಡ ಇಡುವ ಮೊದಲು ಜಿಪ್ ಮುಚ್ಚಿ, ಫ್ಯಾನ್ ಹಾಕಿ, ಉರಿಯುವ ಊದುಬತ್ತಿಯನ್ನು ಸೀಳಿನ ಬಳಿ ಹಿಡಿಯಿರಿ. ಹೊಗೆಯ ಎಳೆ ನೇರ ನಿಲ್ಲದೆ ಒಳಗೆ ಬಾಗಬೇಕು. ಆಮೇಲೆ ಅದೇ ಊದುಬತ್ತಿಯನ್ನು ಜಿಪ್ಪಿನ ಉದ್ದಕ್ಕೂ, ಮೂಲೆ ಮೂಲೆಗೂ ಒಯ್ಯಿರಿ. ಮೇಲ್ಭಾಗದಲ್ಲಿ ಎಲ್ಲಾದರೂ ಹೊಗೆ ಒಳಗೆ ಸೆಳೆದರೆ ಅಲ್ಲಿ ಸೋರುತ್ತಿದೆ ಎಂದರ್ಥ. ಗಂ ಟೇಪ್ ಹಚ್ಚಿ. ಗೋಡೆಗಳು ಒಂದಿಷ್ಟೇ ಒಳಗೆ ತಗ್ಗಿದ್ದರೆ ಸರಿ. ಹೊಟ್ಟೆ ಒಳಗೆ ಎಳೆದುಕೊಂಡಂತೆ ತೀರಾ ತಗ್ಗಿದ್ದರೆ ಸೀಳು ಸಾಲದು. ಹೊರಗೆ ಉಬ್ಬಿದ್ದರೆ ನಾಲ್ಕನೆಯ ಹಂತವನ್ನು ಇನ್ನೊಮ್ಮೆ ಓದಿ.

8. ದೀಪ ಹಾಕಿ ಎರಡು ಗಂಟೆ ಬಿಟ್ಟು, ಗಿಡದ ನೆತ್ತಿಯಷ್ಟು ಎತ್ತರದಲ್ಲಿ ಮತ್ತು ಕೋಣೆಯಲ್ಲಿ ತಾಪಮಾನ ಅಳೆಯಿರಿ. ವ್ಯತ್ಯಾಸ 3-4 ಡಿಗ್ರಿ ಒಳಗಿದ್ದರೆ ಕೆಲಸ ಆಯಿತು. ಮೀಟರಿಗೆ ದೀಪದ ಬೆಳಕು ನೇರ ಬೀಳದಂತೆ ಕಾಗದದ ಟೋಪಿ ಹಾಕಿ, ಇಲ್ಲದಿದ್ದರೆ ಅದು ಗಾಳಿಯನ್ನಲ್ಲ, ತನ್ನ ಬಿಸಿಯನ್ನೇ ಅಳೆಯುತ್ತದೆ.

ಇನ್ನೊಂದು ಎಚ್ಚರ. ಎರಡರಲ್ಲಿ ಒಂದು ಫ್ಯಾನನ್ನು ಮಾತ್ರ ಥರ್ಮೋಸ್ಟಾಟಿಗೆ ಕೊಟ್ಟು, ಬಿಸಿಯಾದಾಗಷ್ಟೇ ತಿರುಗಲಿ ಎಂದು ಬಿಡುವುದು ಜಾಣತನದಂತೆ ಕಾಣುತ್ತದೆ. ಆದರೆ ನಿಂತ ಫ್ಯಾನು ಒಂದು ತೆರೆದ ತೂತು. ಓಡುತ್ತಿರುವ ಫ್ಯಾನು ಕೆಳಗಿನ ಸೀಳಿನಿಂದ ಎಳೆಯುವ ಬದಲು ಪಕ್ಕದ ಈ ತೂತಿನಿಂದಲೇ ಎಳೆದು ಹೊರಗೆ ಹಾಕುತ್ತದೆ, ಕೆಳಗಿನ ಗಿಡಕ್ಕೆ ಏನೂ ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೇ ನಿಧಾನವಾಗಿ ಓಡಿಸಿ, ಒಟ್ಟಿಗೇ ಜೋರು ಮಾಡಿ.

ಒಳಗೆ ತಿರುಗುವ ಫ್ಯಾನ್

ಎಕ್ಸಾಸ್ಟು ಟೆಂಟಿನ ಗಾಳಿ ಬದಲಾಯಿಸುತ್ತದೆ, ಎಲೆಯ ಮೈಗಂಟಿದ ಗಾಳಿಯನ್ನು ಅದು ಕದಲಿಸಲಾರದು. ಅದಕ್ಕೆ ನಾಲ್ಕರಿಂದ ಆರಿಂಚಿನ ಕ್ಲಿಪ್ ಫ್ಯಾನ್ ಒಂದು ಬೇಕು. ಎಲೆ ನಡುಗಬೇಕು, ಬಡಿದಾಡಬಾರದು, ಇದೇ ಅಳತೆ. ಹೀಗೆ ಸದಾ ಅಲುಗುವ ಸಸಿಯ ಕಾಂಡ ಗಿಡ್ಡವಾಗಿ ದಪ್ಪಗಾಗುತ್ತದೆ. ಅಲುಗದೆ ಬೆಳೆದ ಟೊಮೆಟೊ ಸಸಿ ಬಾಲ್ಕನಿಗೆ ತಂದ ದಿನವೇ ಗಾಳಿಗೆ ಬಾಗಿಬಿಡುತ್ತದೆ.

ಲೆಟ್ಯೂಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಳಎಲೆಯ ಅಂಚು ಕಂದಾಗಿ ಸುಡುವುದು ಕ್ಯಾಲ್ಸಿಯಂ ಕೊರತೆಯಿಂದ. ಹಾಗೆಂದು ಮೊಟ್ಟೆಚಿಪ್ಪು, ಸುಣ್ಣ ಹಾಕಿ ಪ್ರಯೋಜನವಿಲ್ಲ, ಮಣ್ಣಿನಲ್ಲಿ ಸಾಮಾನ್ಯವಾಗಿ ಅದು ಸಾಕಷ್ಟಿರುತ್ತದೆ. ಕ್ಯಾಲ್ಸಿಯಂ ಗಿಡದಲ್ಲಿ ಸಾಗುವುದು ನೀರಿನ ಜೊತೆ. ನೀರು ಸಾಗುವುದು ಎಲೆಯಿಂದ ಆವಿ ಹೋದಾಗ. ಹೊರಎಲೆಗಳು ಗಾಳಿಗೆ ತೆರೆದಿರುವುದರಿಂದ ಅವಕ್ಕೆ ಸಿಗುತ್ತದೆ. ನಡುವೆ ಮುದುರಿಕೊಂಡ ಎಳೆ ಎಲೆಗಳ ಸುತ್ತ ತೇವ ತುಂಬಿದ ನಿಂತ ಗಾಳಿ. ಆವಿ ಹೋಗುವುದಿಲ್ಲ, ಆದ್ದರಿಂದ ನೀರೂ ಬರುವುದಿಲ್ಲ, ಅದರ ಜೊತೆಗಿನ ಕ್ಯಾಲ್ಸಿಯಂ ಕೂಡ. ಹಾಗಾಗಿ ಲೆಟ್ಯೂಸಿಗೆ ಫ್ಯಾನನ್ನು ಪಕ್ಕದಿಂದಲ್ಲ, ಮೇಲಿನ ಪೈಪಿಗೆ ಸಿಕ್ಕಿಸಿ ಓರೆಯಾಗಿ ಕೆಳಮುಖ ಮಾಡಿ, ಗಾಳಿ ಗಿಡದ ಸುಳಿಯೊಳಗೆ ಇಳಿಯುವಂತಿಡಿ.

ಒಂದೇ ಬದಿಯ ಎಲೆಗಳ ತುದಿ ಒಣಗಿ ದೋಣಿಯಂತೆ ಮಡಚಿದರೆ ಫ್ಯಾನು ತೀರಾ ಹತ್ತಿರವಿದೆ. ಗೋಡೆಗೆ ಬಡಿದು ವಾಪಸ್ ಬರುವಂತೆ ತಿರುಗಿಸಿ.

ಕಷ್ಟ ಶುರುವಾಗುವುದು ರಾತ್ರಿ

ಎಕ್ಸಾಸ್ಟ್ ಫ್ಯಾನನ್ನೂ ದೀಪವನ್ನೂ ಒಂದೇ ಟೈಮರಿಗೆ ಹಾಕುವುದು ತೀರಾ ಸಾಮಾನ್ಯ ತಪ್ಪು. ದೀಪ ಆರಿದ ಮೇಲೆ ಬಿಸಿ ಇಲ್ಲವಲ್ಲ, ಫ್ಯಾನ್ ಯಾಕೆ ಎಂಬ ತರ್ಕ. ಅಂಕಿ ನೋಡಿ. ದೀಪ ಉರಿಯುವಾಗ 28 ಡಿಗ್ರಿ, ಆರ್ದ್ರತೆ ಶೇ 60, ಎಲ್ಲ ಚೆನ್ನಾಗಿದೆ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 16 ಗ್ರಾಂ ನೀರಾವಿ ಇರುತ್ತದೆ. ದೀಪ ಆರಿ ಅದೇ ಗಾಳಿ 22 ಡಿಗ್ರಿಗೆ ಇಳಿದರೆ ಆರ್ದ್ರತೆ ಶೇ 84. 20ಕ್ಕೆ ಇಳಿದರೆ ಶೇ 94. ಒಂದು ಹನಿ ನೀರು ಹೊಸದಾಗಿ ಸೇರದೆಯೇ ಇಷ್ಟು. ಒದ್ದೆ ಕೋಕೋಪೀಟಿನಿಂದ ಏಳುವ ಆವಿ ಸೇರಿದರೆ ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿ, ಎಲೆಯ ಮೇಲೆ ಹನಿ. ಬೂದು ಬೂಷ್ಟಿಗೆ ಬೇಕಾದ್ದು ಅದೇ.

ಫ್ಯಾನು ಇಪ್ಪತ್ನಾಲ್ಕು ಗಂಟೆಯೂ ಓಡಲಿ. ರಾತ್ರಿ 7-8 ವೋಲ್ಟಿಗೆ ಇಳಿಸಿದರೆ ಸಾಕು. ಒಳಗಿನ ಕ್ಲಿಪ್ ಫ್ಯಾನನ್ನೂ ನಿಲ್ಲಿಸಬೇಡಿ. ನೀರು ಹಾಕುವುದು ದೀಪ ಹೊತ್ತುವ ವೇಳೆಗೆ, ಆರುವ ವೇಳೆಗಲ್ಲ.

ನೀವು ದಿನಕ್ಕೆ ಎಷ್ಟು ನೀರು ಹಾಕುತ್ತೀರೋ ಅದರಲ್ಲಿ ಬಹುಪಾಲು ಆವಿಯಾಗಿ ಫ್ಯಾನಿನಿಂದಲೇ ಹೊರಗೆ ಹೋಗಬೇಕು ಎಂಬುದು ನೆನಪಿರಲಿ. ದಿನಕ್ಕೆ ಒಂದು ಲೀಟರ್ ಎಂದರೆ, 16 ಗಂಟೆ ದೀಪದ ಲೆಕ್ಕದಲ್ಲಿ ಗಂಟೆಗೆ ಸುಮಾರು 60 ಗ್ರಾಂ. 25 ಡಿಗ್ರಿಯಲ್ಲಿ ಕೋಣೆ ಶೇ 60, ಟೆಂಟ್ ಶೇ 70 ಇರಲೆಂದರೆ ಗಂಟೆಗೆ 27 ಘನ ಮೀಟರ್ ಗಾಳಿ ಬೇಕಾಗುತ್ತದೆ. ಶಾಖಕ್ಕೆಂದು ಹಾಕಿದ 65ರೊಳಗೆ ಇದು ಸಲೀಸಾಗಿ ಮುಗಿಯುತ್ತದೆ.

ಮೀಟರನ್ನು ನಂಬುವ ಮುಂಚೆ

ಅಗ್ಗದ ಆರ್ದ್ರತೆ ಮೀಟರುಗಳು ಐದಾರು ಅಂಕ ಆಚೀಚೆ ತೋರಿಸುವುದು ಮಾಮೂಲು. ಪರೀಕ್ಷೆ ಅಡುಗೆಮನೆಯಲ್ಲೇ ಇದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟೇ ನೀರು ಹನಿಸಿ, ಉಪ್ಪು ಕರಗಿಹೋಗಬಾರದು. ಈ ಮುಚ್ಚಳ ಮತ್ತು ಮೀಟರನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಒಂದು ರಾತ್ರಿ ಬಿಡಿ. ತೋರಿಸಬೇಕಾದ್ದು 75. ನಿಮ್ಮದು 69 ತೋರಿಸಿದರೆ ಮೀಟರಿನ ಬೆನ್ನಿಗೆ “6 ಕೂಡಿಸು” ಎಂದು ಬರೆದು ಅಂಟಿಸಿ.

ಊರಿಗೆ ತಕ್ಕ ಹೊಂದಾಣಿಕೆ

ಬೆಂಗಳೂರು, ಮೈಸೂರಿನಲ್ಲಿ ಹೆಚ್ಚು ತಲೆಬಿಸಿಯಿಲ್ಲ. ಬೇಸಿಗೆಯಲ್ಲಿ ಟೈಮರ್ ತಿರುಗಿಸಿ, ದೀಪ ಸಂಜೆ ಆರಕ್ಕೆ ಹೊತ್ತಿ ಬೆಳಗ್ಗೆ ಹತ್ತಕ್ಕೆ ಆರುವಂತೆ ಮಾಡಿ. ಗಿಡಕ್ಕೆ 16 ಗಂಟೆ ಸಿಕ್ಕರಾಯಿತು, ಅದು ಹಗಲೋ ಇರುಳೋ ಅದಕ್ಕೆ ಗೊತ್ತಿಲ್ಲ. ಮಧ್ಯಾಹ್ನದ ಕಾವು ಮತ್ತು ದೀಪದ ಕಾವು ಒಂದರ ಮೇಲೊಂದು ಬೀಳುವುದು ತಪ್ಪುತ್ತದೆ.

ಕರಾವಳಿಯ ಮಳೆಗಾಲದಲ್ಲಿ ಹೊರಗೇ ಶೇ 90 ಆರ್ದ್ರತೆ. ಫ್ಯಾನ್ ಜೋರು ಮಾಡಿದಷ್ಟೂ ಆ ಒದ್ದೆ ಗಾಳಿಯೇ ಒಳಗೆ ಬರುತ್ತದೆ. ಇಲ್ಲಿ ಉಲ್ಟಾ ಯೋಚಿಸಬೇಕು: ದೀಪ ಉರಿಯುವಾಗ ಫ್ಯಾನನ್ನು ಒಂದಿಷ್ಟು ತಗ್ಗಿಸಿ, ಟೆಂಟು ಕೋಣೆಗಿಂತ 3 ಡಿಗ್ರಿ ಬಿಸಿಯಾಗಲು ಬಿಡಿ. 25 ಡಿಗ್ರಿಯ ಶೇ 90ರ ಗಾಳಿ 28ಕ್ಕೆ ಬಿಸಿಯಾದಾಗ ಅದರ ಆರ್ದ್ರತೆ ಶೇ 76ಕ್ಕೆ ಇಳಿಯುತ್ತದೆ, ಗಿಡದ ಆವಿ ಸೇರಿದರೂ 80ರ ಆಸುಪಾಸು. ಒಳಗಿನ ಕ್ಲಿಪ್ ಫ್ಯಾನನ್ನು ಮಾತ್ರ ಜೋರಾಗಿಯೇ ಇಡಿ, ಸಸಿಗಳನ್ನು ದೂರ ದೂರ ಇಡಿ, ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಕಲಬುರಗಿ, ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಲೆಟ್ಯೂಸ್ ಬೇಡವೇ ಬೇಡ. 30 ಡಿಗ್ರಿಯ ಮೇಲೆ ಅದು ಕಹಿಯಾಗಿ ದಂಟು ಬಿಡುತ್ತದೆ, ಫ್ಯಾನಿನಿಂದ ಅದನ್ನು ತಡೆಯಲಾಗದು. ಕಾಮಕಸ್ತೂರಿ, ಹರಿವೆ ತಾಳುತ್ತವೆ. ಅಲ್ಲಿನ ಒಣಗಾಳಿಗೆ ಕೋಣೆಯಲ್ಲಿ ನೀರಿನ ಕೂಲರ್ ಇದ್ದರೆ ಟೆಂಟಿನ ಸೀಳನ್ನು ಅದರತ್ತ ತಿರುಗಿಸಿ. ಅದೇ ಕೂಲರನ್ನು ಮಂಗಳೂರಿನಲ್ಲಿ ಹಚ್ಚಿದರೆ ಬೂಷ್ಟಿಗೆ ಔತಣ.

ಐಸ್ ಬಾಟಲಿ ಇಡುವ ಉಪಾಯವನ್ನು ತುಂಬಾ ಜನ ಮಾಡುತ್ತಾರೆ. ಒಂದು ಲೀಟರ್ ನೀರ್ಗಲ್ಲು ಕರಗುವಾಗ ಹೀರುವುದು ಸುಮಾರು 93 ವ್ಯಾಟ್-ಗಂಟೆಯಷ್ಟು ಶಾಖ. ನಮ್ಮ 65 ವ್ಯಾಟಿನ ಎದುರು ಅದು ಒಂದೂವರೆ ಗಂಟೆಯೂ ಬಾಳದು. ಬಾಟಲಿಯ ಹೊರಮೈಯಲ್ಲಿ ಇಳಿಯುವ ನೀರು ಬೇರೆ.

ಕರೆಂಟ್ ಹೋದಾಗ

ದೀಪವೂ ಆರುವುದರಿಂದ ಬಿಸಿಯ ಭಯವಿಲ್ಲ, ನಿಂತ ತೇವದ್ದೇ ಭಯ. ಮನೆಯಲ್ಲಿದ್ದರೆ ಜಿಪ್ ಅರ್ಧ ತೆರೆಯಿರಿ. ಇಲ್ಲದಾಗಿನ ಮಾತಿಗೆ, ವೈಫೈ ರೂಟರಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್ ಇದೆಯಲ್ಲ, ಅಂಥದ್ದೇ ಒಂದನ್ನು ಫ್ಯಾನುಗಳಿಗೆ ಕೊಡಿ. ಎರಡು ಫ್ಯಾನು ತಗ್ಗಿದ ವೇಗದಲ್ಲಿ ಎಳೆಯುವುದು ಮೂರು ನಾಲ್ಕು ವ್ಯಾಟ್, ಬಹುಪಾಲು ರೂಟರುಗಳಿಗಿಂತ ಕಡಿಮೆ. 12 ವೋಲ್ಟಿನ ಫ್ಯಾನ್ ಆರಿಸಿದ್ದರ ಇನ್ನೊಂದು ಲಾಭ ಇದು.

ಏನೋ ಸರಿಯಿಲ್ಲ ಅನ್ನಿಸಿದರೆ

ತಾಪಮಾನ ಮೊದಲಿದ್ದದ್ದಕ್ಕಿಂತ ಮೆಲ್ಲಗೆ ಏರುತ್ತಿದ್ದರೆ ಫ್ಯಾನ್ ಹಾಳಾಗಿದೆ ಎಂದುಕೊಳ್ಳುವ ಮೊದಲು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಮಣ್ಣಿನ ಮೇಲೆ ಹಸಿರು ಪಾಚಿ, ಸುತ್ತ ಕಪ್ಪು ಸಣ್ಣ ನೊಣ ಕಂಡರೆ ಗಾಳಿ ಕಡಿಮೆ, ನೀರು ಹೆಚ್ಚು, ಎರಡನ್ನೂ ಸರಿಮಾಡಿ. ಮೀಟರ್ 27 ಡಿಗ್ರಿ ತೋರಿಸುತ್ತಿದ್ದರೂ ನೆತ್ತಿಯ ಎಲೆ ಮಾತ್ರ ಬಾಡಿದರೆ ದೀಪ ತೀರಾ ಹತ್ತಿರವಿದೆ, ಗಾಳಿಯದ್ದೇನೂ ತಪ್ಪಿಲ್ಲ. ಹೊಸ ಟೆಂಟಿನಲ್ಲಿ ಎಲ್ಲ ಅಂಕಿ ಸರಿಯಿದ್ದೂ ಎಳೆ ಎಲೆಗಳು ಬಿಳಚಿಕೊಂಡರೆ ಹೊದಿಕೆಯನ್ನು ಮೂಸಿ ನೋಡಿ. ಫ್ಲೆಕ್ಸ್ ಬ್ಯಾನರ್, ಮೆತ್ತನೆಯ ಪಿವಿಸಿ ಹಾಳೆಗಳಿಂದ ಹೊರಡುವ, ಪ್ಲಾಸ್ಟಿಕ್ ಮೆತ್ತಗಾಗಿಸಲು ಬೆರೆಸಿದ ಕೆಲವು ಪ್ಲಾಸ್ಟಿಸೈಜರ್‌ಗಳ ಆವಿ ಎಲೆಗೆ ವಿಷ, ಮುಚ್ಚಿದ ಜಾಗದಲ್ಲಿ ಅದು ಕೂಡಿಕೊಳ್ಳುತ್ತದೆ. ಒಂದು ವಾರ ಬಿಸಿಲಿಗೆ ಹರವಿ, ವಾಸನೆ ಹೋದ ಮೇಲೆ ಹೊದಿಸಿ. ಆಗಲೂ ವಾಸನೆ ಹೋಗದಿದ್ದರೆ ಆ ಹಾಳೆ ಬಿಟ್ಟು ಕಪ್ಪು-ಬಿಳಿ ಪಾಲಿಥೀನ್ ಹಾಳೆ ತನ್ನಿ.

ಜಾಲರಿಯನ್ನು ವೆಲ್ಕ್ರೋ ಪಟ್ಟಿಯಿಂದ ಅಂಟಿಸಿ, ಟೆಂಟಿಗೇ ಹೊಲಿದೋ ಗಂ ಹಾಕಿಯೋ ಶಾಶ್ವತ ಮಾಡಬೇಡಿ. ಹದಿನೈದು ದಿನಕ್ಕೊಮ್ಮೆ ಕಿತ್ತು ನಲ್ಲಿಯ ಕೆಳಗೆ, ಒಳಬದಿಯಿಂದ ಹೊರಬದಿಗೆ ನೀರು ಬಿಟ್ಟು ತೊಳೆಯಿರಿ. ಫ್ಯಾನಿನ ರೆಕ್ಕೆಗೆ ಒಣ ಪೇಂಟ್ ಬ್ರಷ್ ಸಾಕು, ಉಜ್ಜುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಿ.